ಫರ್ಡಿನಾಂಡ್: ಒಂದು ಅಂಕಿತನಾಮದ ದೇಶಾಂತರ

೧

ಬ್ಯಾಂಕಿನ ಉದ್ಯೋಗದಲ್ಲಿ ಎರಡು ದಶಕಗಳನ್ನು ಕಳೆದವನಿಗೆ ಜನರ ಮುಖಗಳಿಗಿಂತ ಅವರ ಹೆಸರುಗಳೇ ಹೆಚ್ಚು ಪರಿಚಿತವಾಗುವುದು ಸಹಜ. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಹಣ ಕೈಗೆ ಬಾರದು. ಆದುದರಿಂದ ನಮ್ಮ ವೃತ್ತಿಯಲ್ಲಿ ಅಕ್ಷರಕ್ಕಿರುವ ಬೆಲೆ ವೈಯಾಕರಣರ ಸಭೆಯಲ್ಲಿಯೂ ಇರಲಾರದು. ಕೆಲವು ವರ್ಷಗಳ ಹಿಂದೆ ನಾನು ಮುಂಬಯಿಯ ಉಪನಗರವೊಂದರ ಶಾಖೆಯಲ್ಲಿದ್ದಾಗ, ಉಡುಪಿಯ ಕಡೆಯಿಂದ ಬಂದು ಇಲ್ಲಿಯೇ ನೆಲಸಿದ್ದ ವೃದ್ಧರೊಬ್ಬರು ತಮ್ಮ ಠೇವಣಿಯ ಹಣವನ್ನು ತೆಗೆದುಕೊಳ್ಳಲು ಬಂದರು. ಠೇವಣಿಯ ರಸೀತಿಯಲ್ಲಿ ಅವರ ಮನೆತನದ ಹೆಸರಾದ 'ಫರ್ನಾಂಡಿಸ್' ಎಂಬುದು ಇಂಗ್ಲಿಷಿನ ಎಸ್ ಅಕ್ಷರದಿಂದ ಮುಗಿದಿತ್ತು. ಗುರುತಿನ ಚೀಟಿಯಲ್ಲಿ ಅದೇ ಹೆಸರು ಝಡ್ ಅಕ್ಷರದಿಂದ ಮುಗಿದಿತ್ತು. "ಇವೆರಡರಲ್ಲಿ ಸರಿಯಾದುದು ಯಾವುದು?" ಎಂದು ಕೇಳಿದೆ. "ಎರಡೂ ನಾನೇ ಮಾರಾಯ್ರೆ" ಎಂದರು. ಉತ್ತರ ಸತ್ಯವಾಗಿತ್ತು, ಆದರೆ ನಿಯಮಕ್ಕೆ ಸಾಲದಾಗಿತ್ತು. ಎರಡು ಹೆಸರುಗಳೂ ಒಬ್ಬನೇ ವ್ಯಕ್ತಿಯವೆಂದು ಅಫಿಡವಿಟ್ ಮಾಡಿಸಿ ತರಬೇಕೆಂದು ಹೇಳಿ, ಆ ಮುದುಕರನ್ನು ನಡುಮಧ್ಯಾಹ್ನದ ಬಿಸಿಲಿನಲ್ಲಿ ಹಿಂದಕ್ಕೆ ಕಳುಹಿಸಿದೆ.

ಅಂದು ರಾತ್ರಿ ಯಾವುದೋ ಶಬ್ದದ ಅರ್ಥಕ್ಕಾಗಿ ಕಿಟ್ಟೆಲರ ಕೋಶವನ್ನು ತೆರೆದಾಗ ಮುಖಪತ್ರದ ಮೇಲಿನ ಹೆಸರಿನಲ್ಲಿ ಕಣ್ಣು ನಿಂತಿತು. ಅಲ್ಲಿರುವುದು 'ಎಫ್. ಕಿಟ್ಟೆಲ್' ಎಂದಷ್ಟೆ. ಆ ಎಫ್ ಅಕ್ಷರ ಫರ್ಡಿನಾಂಡ್ ಎಂಬ ಹೆಸರಿನ ಮೊದಲಕ್ಷರವೆಂಬುದು ಕನ್ನಡ ವಾಚಕರಿಗೆ ತಿಳಿದೇ ಇದೆ. ಆದರೆ ನಾನು ಮಧ್ಯಾಹ್ನ ಹಿಂದಕ್ಕೆ ಕಳುಹಿಸಿದ ಹೆಸರೂ, ರಾತ್ರಿ ಗೌರವದಿಂದ ಮೇಜಿನ ಮೇಲೆ ತೆರೆದಿಟ್ಟುಕೊಂಡ ಹೆಸರೂ ಒಂದೇ ಎಂಬ ಸಂಗತಿ ಆವರೆಗೆ ನನ್ನ ಮನಸ್ಸಿಗೆ ಹೊಳೆದಿರಲಿಲ್ಲ. ಆ ಒಂದು ಹೆಸರು ಎಲ್ಲಿ ಹುಟ್ಟಿ, ಎಲ್ಲೆಲ್ಲಿ ಅಲೆದು, ಯಾವ ಎರಡು ದಾರಿಗಳಿಂದ ನಮ್ಮ ಕರಾವಳಿಗೆ ಬಂದಿತೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ನಮ್ಮ ವ್ಯಾಕರಣಕಾರರು ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಭಾಗಿಸುತ್ತಾರಷ್ಟೆ. ಪ್ರಾಚೀನ ಜರ್ಮಾನಿಕ್ ಜನಾಂಗಗಳ ಅಂಕಿತನಾಮಗಳೆಲ್ಲ ಹುಟ್ಟಿನಲ್ಲಿ ಬಹುಮಟ್ಟಿಗೆ ಅನ್ವರ್ಥದ ಆಸೆಯನ್ನು ಹೊತ್ತವು. ಎರಡು ಶಬ್ದಗಳನ್ನು ಸಮಾಸ ಮಾಡಿ ಮಗುವಿಗೆ ಹೆಸರಿಡುವುದು ಅವರ ಪದ್ಧತಿ. ಯುದ್ಧ, ಜಯ, ಕೀರ್ತಿ, ಬಲ, ಶಾಂತಿ, ತೋಳ, ಈಟಿ ಮುಂತಾದ ಅರ್ಥಗಳ ಶಬ್ದಗಳು ಈ ಸಮಾಸಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಫರ್ಡಿನಾಂಡ್ ಎಂಬುದೂ ಅಂತಹ ಸಮಾಸವೇ. ಇದರ ಉತ್ತರಪದದ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಅದು ಧೈರ್ಯ, ಸಾಹಸ ಎಂಬರ್ಥದ 'ನಂಥ್' ಎಂಬ ಧಾತುವಿನಿಂದ ಬಂದುದು. ಗಾಥಿಕ್ ಭಾಷೆಯಲ್ಲಿ ಧೈರ್ಯಗೊಳ್ಳು ಎಂಬರ್ಥದ ಕ್ರಿಯಾಪದದಲ್ಲಿ ಈ ಧಾತು ದೊರೆಯುತ್ತದೆ. ಪೂರ್ವಪದದ ಬಗ್ಗೆ ಎರಡು ಪಕ್ಷಗಳಿವೆ. ಶಾಂತಿ, ಅಭಯ ಎಂಬರ್ಥದ 'ಫ್ರಿಥು' ಎಂಬುದು ಒಂದು ಪಕ್ಷ. ಇಂದಿನ ಜರ್ಮನಿನ 'ಫ್ರೀಡೆ' ಎಂಬ ಶಬ್ದವೂ, ಫ್ರೀಡ್ರಿಖ್ ಎಂಬ ಹೆಸರಿನ ಪೂರ್ವಾರ್ಧವೂ ಇದೇ. ಪ್ರಯಾಣ ಎಂಬರ್ಥದ 'ಫರ್ಥ್' ಎಂಬುದು ಇನ್ನೊಂದು ಪಕ್ಷ. ಇಂದಿನ ಜರ್ಮನಿನ 'ಫಾರ್ಟ್' ಇದರ ಸಂತತಿ. ಹತ್ತನೆಯ ಶತಮಾನದ ಸ್ಪೇನಿನ ಲ್ಯಾಟಿನ್ ದಾನಪತ್ರಗಳಲ್ಲಿ 'ಫ್ರೆದೆನಾಂದುಸ್' ಎಂಬ ರೂಪ ಹೇರಳವಾಗಿ ಸಿಕ್ಕುವುದರಿಂದ ಮೊದಲನೆಯ ಪಕ್ಷಕ್ಕೆ ಬಲವುಂಟು. ರೇಫೆಯೂ ಸ್ವರವೂ ಸ್ಥಾನಪಲ್ಲಟ ಹೊಂದಿ ಫ್ರೆ ಎಂಬುದು ಫೆರ್ ಎಂದಾಯಿತೆನ್ನಬೇಕು. ಎರಡನೆಯ ಪಕ್ಷದವರಿಗೆ ಈ ಪಲ್ಲಟದ ಅಗತ್ಯವಿಲ್ಲ.

ಮೊದಲನೆಯ ಪಕ್ಷವನ್ನು ಒಪ್ಪಿದರೆ ಈ ಹೆಸರಿಗೆ ನಮ್ಮ 'ಶಾಂತವೀರ' ಎಂಬುದು ಪದಶಃ ಸಮಾನವಾಗುತ್ತದೆ. ಎರಡನೆಯದನ್ನು ಒಪ್ಪಿದರೆ 'ಯಾತ್ರಾಧೀರ' ಎನ್ನಬೇಕಾದೀತು. ವ್ಯುತ್ಪತ್ತಿಯಿಂದ ಯಾವುದು ಸರಿಯಾದರೂ ಸರಿಯೇ, ಚರಿತ್ರೆಯಿಂದ ನೋಡಿದರೆ ಎರಡನೆಯದೇ ಈ ಹೆಸರಿಗೆ ಹೆಚ್ಚು ಒಪ್ಪುತ್ತದೆ.

೩

ಈ ಹೆಸರನ್ನು ಸ್ಪೇನಿಗೆ ತಂದವರು ಪಶ್ಚಿಮ ಗಾಥರು. ಕ್ರಿ. ಶ. ೪೧೦ರಲ್ಲಿ ರೋಮ್ ನಗರವನ್ನು ಸೂರೆಗೊಂಡ ಈ ಜನ, ಬಳಿಕ ಗಾಲ್ ದೇಶದ ದಕ್ಷಿಣದಲ್ಲಿ ನೆಲಸಿ, ೫೦೭ರಲ್ಲಿ ಫ್ರಾಂಕರಿಂದ ಸೋತು, ಪಿರನೀಸ್ ಪರ್ವತದ ಆಚೆಗೆ ಸರಿದು, ತೊಲೇದೊ ನಗರವನ್ನು ರಾಜಧಾನಿಯಾಗಿ ಮಾಡಿಕೊಂಡು ಆಳಿದರು. ಅವರು ಆಳುವವರಾಗಿದ್ದರೂ ಸಂಖ್ಯೆಯಲ್ಲಿ ಅಲ್ಪರು. ಸುತ್ತಲಿನ ಜನ ಲ್ಯಾಟಿನಿನಿಂದ ಹುಟ್ಟಿದ ದೇಶಭಾಷೆಯನ್ನಾಡುವವರು. ನಾಲ್ಕನೆಯ ಶತಮಾನದಲ್ಲಿ ವುಲ್ಫಿಲನಿಂದ ಬೈಬಲಿನ ಅನುವಾದವನ್ನು ಪಡೆದಿದ್ದ ಗಾಥಿಕ್ ಭಾಷೆ ಆಳರಸರ ಭಾಷೆಯಾಗಿದ್ದೂ ಸ್ಪೇನಿನಲ್ಲಿ ಉಳಿಯಲಿಲ್ಲ. ೫೮೯ರ ತೊಲೇದೊ ಧರ್ಮಸಭೆಯಲ್ಲಿ ಗಾಥರು ತಮ್ಮ ಪ್ರತ್ಯೇಕ ಪಂಥವನ್ನು ತೊರೆದು ಪ್ರಜೆಗಳ ಪಂಥವನ್ನೇ ಸ್ವೀಕರಿಸಿದ ಮೇಲೆ, ಆ ಭಾಷೆಗಿದ್ದ ಕಡೆಯ ಆಸರೆಯೂ ಹೋಯಿತು. ೭೧೧ರಲ್ಲಿ ಉತ್ತರ ಆಫ್ರಿಕದಿಂದ ಬಂದ ಮುಸಲ್ಮಾನ ಸೇನೆಯ ಮುಂದೆ ಗಾಥರ ರಾಜ್ಯವೂ ಕುಸಿಯಿತು.

ಭಾಷೆ ಹೋಯಿತು, ರಾಜ್ಯ ಹೋಯಿತು. ಹೆಸರುಗಳು ಮಾತ್ರ ಉಳಿದವು. ಉತ್ತರದ ಬೆಟ್ಟಸೀಮೆಗಳಲ್ಲಿ ತಲೆಯೆತ್ತಿದ ಸಣ್ಣ ರಾಜ್ಯಗಳ ಜನ ಗಾಥಿಕ್ ಭಾಷೆಯ ಒಂದು ವಾಕ್ಯವನ್ನೂ ಅರಿಯದವರಾಗಿದ್ದರೂ ಮಕ್ಕಳಿಗೆ ಅಲ್ಫೋನ್ಸೊ, ರೊದ್ರಿಗೊ, ಗೊನ್ಸಾಲೊ, ಫರ್ನಾಂಡೊ ಎಂಬ ಗಾಥಿಕ್ ಹೆಸರುಗಳನ್ನೇ ಇಡುತ್ತಿದ್ದರು. ಕ್ಯಾಸ್ಟೀಲಿನ ಸ್ವಾತಂತ್ರ್ಯಕ್ಕೆ ಅಡಿಗಲ್ಲನ್ನಿಟ್ಟ ಕೌಂಟ್ ಫರ್ನಾನ್ ಗೊನ್ಸಾಲೆಸ್ ೯೭೦ರಲ್ಲಿ ತೀರಿಕೊಂಡನು. ಕ್ಯಾಸ್ಟೀಲ್ ಮತ್ತು ಲಿಯೋನ್ ರಾಜ್ಯಗಳನ್ನು ಆಳಿದ ಒಂದನೆಯ ಫರ್ನಾಂಡೊ ೧೦೬೫ರಲ್ಲಿ ಗತಿಸಿದನು. ಕಾರ್ಡೋವವನ್ನು ೧೨೩೬ರಲ್ಲಿಯೂ ಸೆವಿಲ್ಲಾವನ್ನು ೧೨೪೮ರಲ್ಲಿಯೂ ಗೆದ್ದ ಮೂರನೆಯ ಫರ್ನಾಂಡೊವಿಗೆ ೧೬೭೧ರಲ್ಲಿ ಸಂತಪದವಿಯೂ ದೊರೆಯಿತು. ಐದುನೂರು ವರ್ಷಗಳಲ್ಲಿ ವಲಸೆಗಾರರ ಹೆಸರು ನೆಲದ ಹೆಸರಾಯಿತು.

ಪರನಾಡಿನಲ್ಲಿರುವ ನಾವು ಈ ಸಂಗತಿಯನ್ನು ಕೊಂಚ ನಿಂತು ನೋಡುವುದು ಒಳ್ಳೆಯದು. ವಲಸೆ ಹೋದ ಜನ ಮೊದಲು ಲಿಪಿಯನ್ನು ಮರೆಯುತ್ತಾರೆ, ಆಮೇಲೆ ಮಾತನ್ನು ಮರೆಯುತ್ತಾರೆ. ಹೆಸರು ಎಲ್ಲಕ್ಕೂ ಕಡೆಯಲ್ಲಿ ಹೋಗುವಂಥದು, ಎಷ್ಟೋ ವೇಳೆ ಹೋಗದೆಯೇ ಇರುವಂಥದು. ಹೆಸರು ಉಳಿಯಿತೆಂಬುದರಿಂದ ಭಾಷೆ ಉಳಿಯಿತೆಂದು ಯಾರೂ ತಿಳಿಯಬಾರದು.

೪

ಸ್ಪೇನಿನ ನೆಲದಲ್ಲಿ ಈ ಹೆಸರಿಗೆ ಆದ ವಿಕಾರಗಳನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. ಲ್ಯಾಟಿನಿನ ಪದಾದಿಯ ಫಕಾರ ಕ್ಯಾಸ್ಟೀಲಿಯನ್ ಭಾಷೆಯಲ್ಲಿ ಹಕಾರವಾಯಿತು. ಹಿಟ್ಟು ಎಂಬರ್ಥದ 'ಫರೀನಾ' ಎಂಬುದು 'ಹರೀನಾ' ಆಯಿತು. ಹಾಗೆಯೇ ಫರ್ನಾಂಡೊ ಎಂಬುದು ಹೆರ್ನಾಂಡೊ ಎಂದೂ, ಫರ್ನಾನ್ ಎಂಬುದು ಹೆರ್ನಾನ್ ಎಂದೂ ಆದುವು. ನಮ್ಮಲ್ಲಿ ಹಳಗನ್ನಡದ ಪಾಲ್ ಹಾಲಾಗಿ, ಪುಲಿ ಹುಲಿಯಾಗಿ, ಪತ್ತು ಹತ್ತಾದುದನ್ನು ಇಲ್ಲಿ ನೆನೆಯಬಹುದು. 'ಹೆಸರು' ಎಂಬ ಮಾತೇ ಹಿಂದೆ 'ಪೆಸರ್' ಆಗಿದ್ದಿತಲ್ಲವೆ! ಮುಂದೆ ಸ್ಪೇನಿನವರ ಉಚ್ಚಾರಣೆಯಲ್ಲಿ ಆ ಹಕಾರವೂ ಅಡಗಿ, ಬರೆಹದಲ್ಲಿ ಮಾತ್ರ ನಿಂತಿತು. ನಮ್ಮ ಕೆಲವು ಆಡುನುಡಿಗಳಲ್ಲಿ ಹಾಲು 'ಆಲು' ಆಗುವುದು ಇದೇ ಬಗೆಯದು.

೧೫೧೯ರಲ್ಲಿ ಮೆಕ್ಸಿಕೊವಿನ ತೀರದಲ್ಲಿಳಿದು, ೧೫೨೧ರಲ್ಲಿ ಆಸ್ಟೆಕ್ ರಾಜಧಾನಿಯನ್ನು ಕೆಡವಿದ ಕೊರ್ಟೆಸನನ್ನು ಇಂದು ನಾವು ಹೆರ್ನಾನ್ ಎಂದು ಕರೆಯುತ್ತೇವೆ. ಅವನ ಕಾಲದ ಬರೆಹಗಳಲ್ಲಿ ಫರ್ನಾಂಡೊ, ಹೆರ್ನಾಂಡೊ ಎಂಬ ರೂಪಗಳೂ ಇವೆ. ಒಬ್ಬನೇ ಮನುಷ್ಯನಿಗೆ ಮೂರು ರೂಪಗಳು. ಆದರೆ ಅವನಿಂದ ಯಾರೂ ಅಫಿಡವಿಟ್ ಕೇಳಿದಂತೆ ಕಾಣುವುದಿಲ್ಲ. ತಂದೆಯ ಹೆಸರಿಗೆ 'ಎಸ್' ಎಂಬ ಪ್ರತ್ಯಯವನ್ನು ಹಚ್ಚಿ ಮಗನನ್ನು ಸೂಚಿಸುವುದು ಆ ದೇಶದ ರೂಢಿ. ಈ ಪ್ರತ್ಯಯವನ್ನು ಸ್ಪೇನಿನವರು ಝಡ್ ಅಕ್ಷರದಿಂದಲೂ ಪೋರ್ತುಗೀಸರು ಎಸ್ ಅಕ್ಷರದಿಂದಲೂ ಬರೆಯುತ್ತಾರೆ. ಹೀಗೆ ಫರ್ನಾಂಡೊವಿನ ಮಗ ಫರ್ನಾಂಡೆಸ್, ಹೆರ್ನಾಂಡೊವಿನ ಮಗ ಹೆರ್ನಾಂಡೆಸ್. ಹೆರ್ನಾಂಡೆಸ್ ಎಂಬುದು ಇಂದು ಮೆಕ್ಸಿಕೊವಿನಲ್ಲಿ ಅತ್ಯಂತ ಬಳಕೆಯಲ್ಲಿರುವ ಮನೆತನದ ಹೆಸರುಗಳಲ್ಲೊಂದು. ನನ್ನ ಶಾಖೆಗೆ ಬಂದ ವೃದ್ಧರ ರಸೀತಿಗೂ ಗುರುತಿನ ಚೀಟಿಗೂ ಇದ್ದ ವ್ಯತ್ಯಾಸ ಇದೇ: ಒಂದು ಪೋರ್ತುಗಲ್ಲಿನ ಬರೆಹ, ಇನ್ನೊಂದು ಸ್ಪೇನಿನ ಬರೆಹ.

ಇತರ ದೇಶಗಳಲ್ಲಿಯೂ ಹೆಸರು ಅಲ್ಲಲ್ಲಿಯ ನಾಲಗೆಗೆ ಒಗ್ಗಿತು. ಕ್ಯಾಟಲನ್ನರಲ್ಲಿ ಫೆರ್ರಾನ್ ಎಂದಾಯಿತು. ಅರಗಾನಿನ ಅರಸುಮನೆತನ ೧೪೪೨ರಲ್ಲಿ ನೇಪಲ್ಸನ್ನು ಗೆದ್ದುದರಿಂದ ಇಟಲಿಯಲ್ಲಿ ಫೆರ್ರಾಂತೆ ಎಂಬ ರೂಪ ಪ್ರಸಿದ್ಧವಾಯಿತು. ಶೇಕ್ಸ್‌ಪಿಯರನ 'ಟೆಂಪೆಸ್ಟ್' ನಾಟಕದಲ್ಲಿ ನೇಪಲ್ಸಿನ ರಾಜಕುಮಾರನ ಹೆಸರು ಫರ್ಡಿನಾಂಡ್ ಎಂದಿರುವುದು ನಿಷ್ಕಾರಣವಲ್ಲ. ಫ್ರೆಂಚರಲ್ಲಿ ಫೆರ್ನಾನ್ ಎಂಬುದು ದೇಶ್ಯರೂಪ; ಫರ್ಡಿನಾಂಡ್ ಎಂಬುದು ಪಂಡಿತರೂಪ. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ಸ್ವಾಭಾವಿಕವಲ್ಲ, ಸಾಮಾಜಿಕ ಒಡಂಬಡಿಕೆಯಿಂದ ಬಂದುದೆಂದು ಪ್ರತಿಪಾದಿಸಿದ ಜಿನೀವದ ಭಾಷಾವಿಜ್ಞಾನಿ ಸೊಸ್ಯೂರನ (೧೮೫೭-೧೯೧೩) ಹೆಸರೂ ಫರ್ಡಿನಾಂಡ್ ಎಂದೇ. ಅರ್ಥವನ್ನು ಎಂದೋ ಕಳೆದುಕೊಂಡ ಈ ಹೆಸರು ಅವನ ಸಿದ್ಧಾಂತಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಕೇಶಿರಾಜನ ಪರಿಭಾಷೆಯಲ್ಲಿ ಹೇಳುವುದಾದರೆ, ಹೆರ್ನಾನ್, ಫೆರ್ರಾನ್, ಫೆರ್ರಾಂತೆ ಮುಂತಾದುವು ತದ್ಭವಗಳು. ಲ್ಯಾಟಿನ್ ದಾಖಲೆಗಳ 'ಫರ್ಡಿನಾಂದುಸ್' ಎಂಬುದನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡ ಫರ್ಡಿನಾಂಡ್ ಎಂಬುದು ತತ್ಸಮಕ್ಕೆ ಹತ್ತಿರವಾದುದು. ವಿದ್ಯೆಯಿಂದ ಬಿಜ್ಜೆಯೂ ಯಶದಿಂದ ಜಸವೂ ಆದುದನ್ನು ನಮ್ಮ ವೈಯಾಕರಣರು ದೋಷವೆಂದೆಣಿಸಲಿಲ್ಲ. ಅದಕ್ಕೊಂದು ಪ್ರಕರಣವನ್ನೇ ಮೀಸಲಿಟ್ಟು ನಿಯಮಗಳನ್ನು ಹೇಳಿದರು.

೫

ಇನ್ನು ಆಶ್ಚರ್ಯದ ಸಂಗತಿಗೆ ಬರೋಣ. ಜರ್ಮಾನಿಕ್ ಮೂಲದ ಈ ಹೆಸರು ಜರ್ಮನಿಗೆ ಬಂದುದು ಪರದೇಶದ ಹೆಸರಾಗಿ! ೧೪೯೨ರಲ್ಲಿ ಗ್ರಾನಡವನ್ನು ಗೆದ್ದ ಅರಗಾನಿನ ಫರ್ಡಿನಾಂಡನ ಮಗಳ ಮಗನೊಬ್ಬ ೧೫೦೩ರಲ್ಲಿ ಸ್ಪೇನಿನ ಅಲ್ಕಲಾ ದೆ ಎನಾರೆಸ್ ಎಂಬ ಊರಿನಲ್ಲಿ ಹುಟ್ಟಿದನು. ಮಗುವಿಗೆ ತಾತನ ಹೆಸರನ್ನಿಟ್ಟರು. ಸ್ಪೇನಿನಲ್ಲಿಯೇ ಬೆಳೆದ ಈ ರಾಜಕುಮಾರನು ೧೫೨೧ರಲ್ಲಿ, ಅಣ್ಣನಾದ ಐದನೆಯ ಚಾರ್ಲ್ಸ್ ಚಕ್ರವರ್ತಿಯಿಂದ ಆಸ್ಟ್ರಿಯದ ಒಡೆತನವನ್ನು ಪಡೆದನು. ೧೫೨೬ರಲ್ಲಿ ಬೊಹೀಮಿಯ ಮತ್ತು ಹಂಗೆರಿಗಳ ಅರಸುತನವೂ, ಅಣ್ಣನ ತರುವಾಯ ಚಕ್ರವರ್ತಿಪದವಿಯೂ ಅವನಿಗೆ ಬಂದುವು. ಆಸ್ಟ್ರಿಯಕ್ಕೆ ಬಂದಾಗ ಜರ್ಮನ್ ಭಾಷೆಯನ್ನು ಸರಿಯಾಗಿ ಆಡಲು ಬಾರದಿದ್ದ ಈ ಹದಿನೆಂಟರ ತರುಣನ ಹೆಸರು ಹ್ಯಾಬ್ಸ್‌ಬರ್ಗ್ ವಂಶದ ಹೆಸರಾಗಿ, ಅಲ್ಲಿಂದ ಸಾಮಂತರಿಗೂ ಜನಸಾಮಾನ್ಯರಿಗೂ ಹರಡಿತು. ಗಾಥರೊಡನೆ ತವರನ್ನು ಬಿಟ್ಟ ಮಗಳು ಸಾವಿರ ವರ್ಷಗಳ ಮೇಲೆ ಅತಿಥಿಯಾಗಿ ತವರಿಗೆ ಬಂದಂತಾಯಿತು. ತವರಿನವರಿಗೆ ಅವಳ ಗುರುತೇ ಹತ್ತಲಿಲ್ಲ.

ಮುಂದೆ ಆ ವಂಶದ ಎರಡನೆಯ ಫರ್ಡಿನಾಂಡನ ಆಳಿಕೆಯಲ್ಲಿ ಮೂವತ್ತು ವರ್ಷಗಳ ಯುದ್ಧ (೧೬೧೮-೧೬೪೮) ಜರ್ಮನ್ ನಾಡನ್ನು ಹಾಳುಗೆಡವಿತು. ೧೯೧೪ರ ಜೂನ್ ೨೮ರಂದು ಸರಾಯೇವೊದಲ್ಲಿ ಫ್ರಾನ್ಸ್ ಫರ್ಡಿನಾಂಡನಿಗೆ ತಗಲಿದ ಗುಂಡು ಪ್ರಥಮ ಮಹಾಯುದ್ಧಕ್ಕೆ ನೆಪವಾಯಿತು. 'ಶಾಂತವೀರ' ಎಂಬ ಹೆಸರಿಗೆ ಇದಕ್ಕಿಂತ ಕ್ರೂರವಾದ ವ್ಯಂಗ್ಯವಿಲ್ಲ. ೧೯೩೬ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಮಕ್ಕಳ ಕಥೆಯಲ್ಲಿ, ಕಾಳಗಕ್ಕಿಳಿಯದೆ ಹೂವನ್ನು ಮೂಸುತ್ತ ಕೂರುವ ಸ್ಪೇನಿನ ಹೋರಿಗೆ ಫರ್ಡಿನಾಂಡ್ ಎಂದು ಹೆಸರಿಟ್ಟಿದ್ದಾರೆ. ಚಕ್ರವರ್ತಿಗಳಿಗೆ ಹೊಂದದ ಅನ್ವರ್ಥ ಆ ಹೋರಿಗೆ ಹೊಂದಿತು.

೬

ಹದಿನಾರನೆಯ ಶತಮಾನದ ಆದಿಯಲ್ಲಿ ಸ್ಪೇನಿನ ಕವಲು ವಿಯೆನ್ನಾದ ಕಡೆಗೆ ಹೊರಳುತ್ತಿದ್ದ ಕಾಲಕ್ಕೇ, ಪೋರ್ತುಗಲ್ಲಿನ ಕವಲು ಹಡಗನ್ನೇರಿತ್ತು. ಪೋರ್ತುಗೀಸ್ ಭಾಷೆಯಲ್ಲಿ ಫಕಾರ ಹಕಾರವಾಗಲಿಲ್ಲ. ಆದುದರಿಂದಲೇ ನಮ್ಮ ತೀರಕ್ಕೆ ಬಂದುದು ಹೆರ್ನಾಂಡೆಸ್ ಅಲ್ಲ, ಫರ್ನಾಂಡೆಸ್. ಅವರಲ್ಲಿ 'ಫರ್ನಾಂವ್' ಎಂಬ ಹ್ರಸ್ವರೂಪವೂ ಬಳಕೆಯಲ್ಲಿತ್ತು. ಭೂಪ್ರದಕ್ಷಿಣೆಯ ಯಾನವನ್ನು ಆರಂಭಿಸಿ ೧೫೨೧ರಲ್ಲಿ ಫಿಲಿಪೀನ್ಸಿನ ಮಾಕ್ತಾನ್ ದ್ವೀಪದಲ್ಲಿ ಹತನಾದ ಮೆಗೆಲನ್ನನ ಹೆಸರು ಇದೇ. ಅವನು ಅದಕ್ಕೂ ಮೊದಲು ೧೫೦೫ರಲ್ಲಿ ಅಲ್ಮೇಡನ ನೌಕಾಪಡೆಯೊಡನೆ ಭಾರತಕ್ಕೆ ಬಂದಿದ್ದನು. ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಕೋಟೆಯನ್ನು ಕಟ್ಟಿದುದು ಆ ಪಡೆಯೇ.

ಕರ್ನಾಟಕದ ಇತಿಹಾಸಕ್ಕೆ ಇದಕ್ಕಿಂತ ಹತ್ತಿರದ ಫರ್ನಾಂವ್ ಇನ್ನೊಬ್ಬನಿದ್ದಾನೆ. ವಿಜಯನಗರದ ಚರಿತ್ರೆಯನ್ನೋದಿದವರೆಲ್ಲ ನ್ಯೂನಿಜ್ ಎಂದು ಬಲ್ಲ ಪೋರ್ತುಗೀಸ್ ಕುದುರೆ ವ್ಯಾಪಾರಿಯ ಪೂರ್ಣನಾಮ ಫರ್ನಾಂವ್ ನೂನಿಸ್. ಅಚ್ಯುತರಾಯನ ಕಾಲದಲ್ಲಿ, ಸುಮಾರು ೧೫೩೫ರಿಂದ ೧೫೩೭ರವರೆಗೆ, ಅವನು ಆ ನಗರದಲ್ಲಿದ್ದು ಬರೆದ ವೃತ್ತಾಂತವು ೧೮೯೭ರಲ್ಲಿ ದಾವಿದ್ ಲೋಪೆಸರ ಸಂಪಾದನೆಯಿಂದ ಬೆಳಕಿಗೆ ಬಂದು, ೧೯೦೦ರಲ್ಲಿ ಸಿವೆಲ್ಲರ ಗ್ರಂಥದಲ್ಲಿ ಇಂಗ್ಲಿಷಿಗೆ ಅನುವಾದಗೊಂಡಿತು. ವಿಜಯನಗರವನ್ನು ಅವರ ಕಡೆಯವರು 'ಬಿಸ್ನಗ' ಎಂದೂ ಕೃಷ್ಣರಾಯನನ್ನು 'ಕ್ರಿಸ್ನರಾವ್' ಎಂದೂ ಬರೆದರು. ಅವರ ಕೈಯಲ್ಲಿ ನಮ್ಮ ಹೆಸರುಗಳು ತದ್ಭವವಾದುವು. ನಮ್ಮ ಬಾಯಲ್ಲಿ ಅವರವು ಆದುವು. ಲೆಕ್ಕ ಸರಿಹೋಯಿತೆನ್ನಬೇಕು.

ಆದರೆ ಎಲ್ಲ ಹೆಸರುಗಳೂ ವ್ಯಾಪಾರಿಯ ಜೊತೆಯಲ್ಲಿ ಸಮಾಧಾನದಿಂದ ಬಂದುವಲ್ಲ. ೧೫೧೦ರಲ್ಲಿ ಗೋವೆಯನ್ನು ಹಿಡಿದ ಅಲ್ಬುಕರ್ಕನ ಸ್ವಂತ ಹೆಸರಾದ ಅಫೋನ್ಸೊ ಎಂಬುದೂ ಗಾಥಿಕ್ ಮೂಲದ್ದೇ. ಮುಂಬಯಿಯ ಬೇಸಗೆಯಲ್ಲಿ ನಾವೆಲ್ಲ ಸವಿಯುವ 'ಆಪೂಸ್' ಮಾವಿನಲ್ಲಿ ಆ ಹೆಸರು ಫಕಾರವನ್ನು ಕಳೆದುಕೊಂಡು ನಿಂತಿದೆ. ಅವನ ಹಿಂದೆ ಬಂದ ಆಡಳಿತದಲ್ಲಿ ಜ್ಞಾನಸ್ನಾನ ಪಡೆದ ಕೊಂಕಣಿ ಕುಟುಂಬಗಳಿಗೆ ಪೋರ್ತುಗೀಸ್ ಮನೆತನದ ಹೆಸರುಗಳು ಬಂದುವು. ಜ್ಞಾನಪಿತನ ಹೆಸರೋ ಪಾದ್ರಿಯ ಹೆಸರೋ ಆ ಮನೆಯ ಹೆಸರಾಯಿತು. ಅಂದು ಫರ್ನಾಂಡೆಸ್ ಆದವರಲ್ಲಿ ಫರ್ನಾಂಡೊ ಎಂಬಾತನ ಮಗನಾಗಿ ಹುಟ್ಟಿದವನು ಇರಲಿಲ್ಲ. ಪ್ರತ್ಯಯದ ಅರ್ಥವೂ ಅಲ್ಲಿಗೆ ಸತ್ತಿತು. ಬಾಯಿಂದ ಬಾಯಿಗೆ ಸಾಗುತ್ತ ಸವೆಯುವುದು ಒಂದು ಬಗೆ, ಒಂದು ಬರೆಹದಿಂದ ಇಡೀ ಕುಲದ ಹೆಸರನ್ನು ಬದಲಿಸುವುದು ಇನ್ನೊಂದು ಬಗೆ. ಇವೆರಡನ್ನೂ ಚರಿತ್ರಕಾರನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಫಿಲಿಪೀನ್ಸಿನಲ್ಲಿಯಂತೂ ೧೮೪೯ರಲ್ಲಿ ಗವರ್ನರ್ ಕ್ಲವೇರಿಯಾ ಅಕಾರಾದಿಯಾಗಿ ಹೆಸರುಗಳ ಪಟ್ಟಿಯನ್ನೇ ಅಚ್ಚುಹಾಕಿಸಿ, ಅದರಿಂದ ಜನರಿಗೆ ಮನೆತನದ ಹೆಸರುಗಳನ್ನು ಹಂಚಿಸಿದನು. ಕಂದಾಯದ ಮತ್ತು ಜನಗಣನೆಯ ಅನುಕೂಲವೇ ಅದರ ಕಾರಣ. ನಮ್ಮ ವೃತ್ತಿಯ ಹಿರಿಯರಲ್ಲಿ ಅವನೊಬ್ಬನೆಂದು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಆದರೂ ನೆನಪು ಪೂರ್ಣವಾಗಿ ಅಳಿಯಲಿಲ್ಲ. ಗೋವೆಯಿಂದ ಮುಂದಿನ ಶತಮಾನಗಳಲ್ಲಿ ದಕ್ಷಿಣ ಕನ್ನಡಕ್ಕೆ ಬಂದು ನೆಲಸಿದ ಕ್ರೈಸ್ತ ಮನೆಗಳಲ್ಲಿ ಎಷ್ಟೋ ಮಂದಿ ಪ್ರಭು, ಕಾಮತ್, ಶೇಟ್ ಎಂಬ ತಮ್ಮ ಹಿಂದಿನ ಕುಲನಾಮಗಳನ್ನು ಇಂದಿಗೂ ನೆನಪಿನಲ್ಲಿಟ್ಟಿದ್ದಾರೆ. ಹೊಸ ಹೆಸರೂ ಅವರದೇ ಆಯಿತು. ಸಿಂಹಳದಲ್ಲಿ ಫರ್ನಾಂಡೊ ಎಂಬುದು 'ಪ್ರನಾಂದು' ಎಂದಾಗಿ, ಪರದೇಶದ್ದೆಂದು ಗುರುತಿಸಲಾರದಷ್ಟು ಆ ನುಡಿಯಲ್ಲಿ ಬೆರೆತಿದೆ. ಮಂಗಳೂರಿನಲ್ಲಿ ೧೯೩೦ರಲ್ಲಿ ಹುಟ್ಟಿ, ೧೯೪೯ರಲ್ಲಿ ಮುಂಬಯಿಗೆ ಬಂದು ಕಾರ್ಮಿಕರ ನಾಯಕರಾಗಿ ಬೆಳೆದು, ೧೯೭೪ರ ರೈಲ್ವೆ ಮುಷ್ಕರವನ್ನು ನಡೆಸಿ, ೨೦೧೯ರಲ್ಲಿ ಗತಿಸಿದ ಜಾರ್ಜ್ ಫರ್ನಾಂಡಿಸರನ್ನು ನೆನೆಯೋಣ. ಗ್ರೀಕಿನಲ್ಲಿ ಬೇಸಾಯಗಾರನೆಂಬ ಅರ್ಥದ ಅಂಕಿತನಾಮ, ಗಾಥಿಕ್ ಮೂಲದ ಮನೆತನದ ಹೆಸರು. ಆದರೆ ನಾವು ಅವರನ್ನು ನಮ್ಮ ಕರಾವಳಿಯವರೆಂದೇ ಎಣಿಸಿದೆವು.

೭

ಇನ್ನೊಂದು ದಾರಿಯಿಂದ ಬಂದವರು ಕಿಟ್ಟೆಲ್. ೧೮೩೨ರಲ್ಲಿ ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸ್‌ಲೆಂಡಿನಲ್ಲಿ ಅವರ ಜನನ. ಕ್ಯಾಥೊಲಿಕ್ ಚಕ್ರವರ್ತಿಗಳ ಹೆಸರು ಆ ವೇಳೆಗೆ ಪ್ರಾಟೆಸ್ಟಂಟರ ಮನೆಗಳನ್ನೂ ಹೊಕ್ಕಿತ್ತು. ಬಾಸೆಲ್ ಮಿಶನ್ನಿನವರಾಗಿ ೧೮೫೩ರಲ್ಲಿ ಭಾರತಕ್ಕೆ ಬಂದ ಅವರು ಕನ್ನಡವನ್ನು ಕಲಿತು, ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ೧೮೯೪ರಲ್ಲಿ ಅವರ ಮಹಾಕೋಶವು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಆ ಕೋಶದಲ್ಲಿ ತದ್ಭವಗಳನ್ನು ಗುರುತಿಸಿ ಮೂಲವನ್ನು ಸೂಚಿಸಿರುವುದು ಅದನ್ನು ಬಳಸುವವರಿಗೆಲ್ಲ ಗೊತ್ತಿದೆ. ಕೇಶಿರಾಜನ ಅಪಭ್ರಂಶ ಪ್ರಕರಣವನ್ನು ಅಚ್ಚಿಗೆ ಸಿದ್ಧಪಡಿಸಿದ ಆ ವಿದ್ವಾಂಸರ ಹೆಸರಿಗೇ ಮಂಗಳೂರಿನ ಬೀದಿಬೀದಿಯಲ್ಲಿ ಒಂದು ತದ್ಭವವಿತ್ತು!

ಹೀಗೆ ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಐಬೀರಿಯದಿಂದ ಎರಡು ಕವಲಾಗಿ ಹೊರಟ ಹೆಸರು, ಒಂದು ಲಿಸ್ಬನ್ ಗೋವೆಗಳ ಮಾರ್ಗವಾಗಿ, ಇನ್ನೊಂದು ವಿಯೆನ್ನಾ ಮತ್ತು ಜರ್ಮನ್ ನಾಡುಗಳ ಮಾರ್ಗವಾಗಿ, ಕಡೆಗೆ ಮಂಗಳೂರಿನಲ್ಲಿ ಎದುರುಬದುರಾದುವು. ಒಂದನ್ನೊಂದು ಗುರುತಿಸಿದಂತೆ ಕಾಣುವುದಿಲ್ಲ.

೮

ಈ ದೀರ್ಘಯಾತ್ರೆಯಿಂದ ನಾವು ತಿಳಿಯಬೇಕಾದುದು ಎರಡು ಸಂಗತಿಗಳು. ಮೊದಲನೆಯದಾಗಿ, ಹೆಸರು ಯಾವ ಕುಲದ ಸ್ವತ್ತೂ ಅಲ್ಲ. ಅದನ್ನು ಹೊತ್ತು ಬಾಳಿದವರೆಲ್ಲ ಅದಕ್ಕೆ ಹಕ್ಕುದಾರರು. ಮುಂಬಯಿಗೆ ಬಂದು ಇಪ್ಪತ್ತು ವರ್ಷಗಳಾದ ಮೇಲೆ ನನ್ನ ಹೆಸರೂ ಹಿಂದಿನಂತಿಲ್ಲ. ಊರಿನಲ್ಲಿ ಹೆಸರಿನ ಮುಂದೆ ಒಂದಕ್ಷರವಾಗಿದ್ದ ಗ್ರಾಮದ ಹೆಸರು ಇಲ್ಲಿಯ ಅರ್ಜಿಗಳ ಖಾನೆಯನ್ನು ತುಂಬುವುದಕ್ಕಾಗಿ ಹಿಂದಕ್ಕೆ ಸರಿದು ಅಡ್ಡಹೆಸರಾಗಿದೆ. ನನ್ನ ಮಕ್ಕಳು ತಾವು ನೋಡದ ಒಂದು ಹಳ್ಳಿಯನ್ನು ಮನೆತನದ ಹೆಸರೆಂದು ಹೊತ್ತು ತಿರುಗುತ್ತಿದ್ದಾರೆ. ವಾಚಕರಲ್ಲಿ ಅನೇಕರ ಅನುಭವವೂ ಇದೇ ಇರಬೇಕು. ಇದಕ್ಕಾಗಿ ನಾಚಬೇಕಾದುದಿಲ್ಲ.

ಎರಡನೆಯದು ಇದಕ್ಕಿಂತ ಮುಖ್ಯವಾದುದು. ಸ್ಪೇನಿನ ಗಾಥರು ಹೆಸರನ್ನುಳಿಸಿಕೊಂಡು ಭಾಷೆಯನ್ನು ಕಳೆದುಕೊಂಡರು. ಕಿಟ್ಟೆಲರು ತಮ್ಮ ಹೆಸರನ್ನು ಕನ್ನಡಗೊಳಿಸಲಿಲ್ಲ. ಕನ್ನಡದ ಶಬ್ದರಾಶಿಯನ್ನು ಮಾತ್ರ ಕೂಡಿಟ್ಟರು. ನಮ್ಮ ಸಂಘಗಳ ಸದಸ್ಯರ ಪಟ್ಟಿಯಲ್ಲಿ ಬಸವರಾಜ, ಶಾಂತವೀರ ಎಂಬ ಹೆಸರುಗಳು ನೂರು ವರ್ಷಗಳ ಮೇಲೆಯೂ ಇದ್ದೇ ಇರುತ್ತವೆ. ಆ ಪಟ್ಟಿಯನ್ನು ಕನ್ನಡದಲ್ಲಿ ಓದಬಲ್ಲವರು ಇರುವರೇ ಎಂಬುದೇ ನಮ್ಮ ಮುಂದಿನ ಪ್ರಶ್ನೆ. ಹೆಸರಿಡುವುದು ಒಂದು ದಿನದ ಕೆಲಸ, ಮಾತು ಕಲಿಸುವುದು ಹತ್ತು ವರ್ಷಗಳ ಕೆಲಸ.

ಆ ವೃದ್ಧರು ನಾಲ್ಕು ದಿನಗಳ ಮೇಲೆ ಅಫಿಡವಿಟ್ಟಿನೊಡನೆ ಮತ್ತೆ ಬಂದರು. ಎರಡು ಬಗೆಯ ಬರೆಹವೂ ಒಬ್ಬನೇ ವ್ಯಕ್ತಿಯದೆಂದು ಅದರಲ್ಲಿ ಬರೆದಿತ್ತು. ಹಣದ ಚೀಟಿಗೆ ಸಹಿ ಮಾಡುವಾಗ, ನಾನು ಕೇಳಿದ ಪ್ರಶ್ನೆಗೆ ಹದಿನೈದು ನೂರು ವರ್ಷಗಳ ಚರಿತ್ರೆ ಕೊಡುವ ಉತ್ತರವನ್ನೇ ಅವರು ಮೊದಲ ದಿನ ಒಂದು ಮಾತಿನಲ್ಲಿ ಕೊಟ್ಟಿದ್ದರೆಂದು ಹೇಳಬೇಕೆನ್ನಿಸಿತು. ಸರತಿಯಲ್ಲಿ ಜನ ಬಹಳವಿದ್ದರು, ಹೇಳಲಾಗಲಿಲ್ಲ. ಅದನ್ನು ಇಲ್ಲಿ ಬರೆದಿದ್ದೇನೆ.